ಕರಿಬಸಪ್ಪನವರ ಬಂಡಾಯಕ್ಕೆ ಶಾಲು ಹೊದಿಸಿದ್ದು

ಬಸವೇಶ್ವರನಗರದ ಕರಿಬಸಪ್ಪನವರು ಐವತ್ತು ದಾಟಿದ ಮೇಲೆ ಕ್ರಾಂತಿಕಾರಿಯಾದರು. ಅದಕ್ಕೆ ಮುಂಚೆ ಅವರು ಒಂದು ಸರ್ಕಾರಿ ನಿಗಮದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಕ್ರಾಂತಿಕಾರಿಯಾದ ಮೇಲೂ ಅದೇ ಆಗಿದ್ದರು. ಒಂದರಿಂದ ಇನ್ನೊಂದಕ್ಕೆ ತೊಂದರೆಯಾಗದ ಹಾಗೆ ಹೊತ್ತು ಹೊಂದಿಸಿಕೊಂಡಿದ್ದರು. ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಕಚೇರಿಗೆ ಹೋಗಿ ಬರುವ ಬಸ್ಸಿನಲ್ಲಿ ಕ್ರಾಂತಿಕಾರಿ.

ಶುರುವಾಗಿದ್ದು ಮಗಳಿಂದ. ಶಿಲ್ಪಾ ಪಿಯುಸಿಗೆ ಸೇರಿದ ವರ್ಷ, ಅವಳ ಇಂಗ್ಲಿಷು ಇನ್ನಷ್ಟು ಚೆನ್ನಾಗಲಿ ಎಂದು ಕರಿಬಸಪ್ಪನವರು ಅವಳ ಹೆಸರಿನಲ್ಲಿ ನೀಲಾಂಬಿಕಾ ಅವರ ಬಾಡಿಗೆ ಲೈಬ್ರರಿಗೆ ಮೆಂಬರ್‌ಶಿಪ್ ಮಾಡಿಸಿದರು. ಬಡಾವಣೆಯ ಪಾರ್ಕಿನ ಗೇಟಿನ ಪಕ್ಕ, ಕ್ಷೇಮಾಭಿವೃದ್ಧಿ ಸಂಘಕ್ಕೆ ಸೇರಿದ ಒಂದೇ ಒಂದು ಶೀಟಿನ ಕೋಣೆಯಲ್ಲಿತ್ತು ಆ ಲೈಬ್ರರಿ. ನೀಲಾಂಬಿಕಾ ಗೋಕಾಕದ ಕಡೆಯವರು. ಗಂಡನಿಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸವಿತ್ತೆಂದು ಬೆಂಗಳೂರಿಗೆ ಬಂದವರು. ಆಮೇಲೆ ಆ ಫ್ಯಾಕ್ಟರಿಗೆ ಬೀಗ ಬಿತ್ತು. ಅಲ್ಲಿಂದ ಈಚೆಗೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ವಾರಪತ್ರಿಕೆ, ಪತ್ತೇದಾರಿ ಮತ್ತು ಪ್ರೇಮ ಕಾದಂಬರಿಗಳ ಬಾಡಿಗೆಯಿಂದ.

"ಇದನ್ನ ಒಯ್ರಿ ಸರ. ಈಗಿನ ಕಾಲೇಜ್ ಹುಡುಗ್ರು ಇದಕ್ಕs ಬಡದಾಡಾಕತ್ತಾರ" ಎಂದು ನೀಲಾಂಬಿಕಾ ದಪ್ಪ ಅಕ್ಷರದ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟರು. ಶಿಲ್ಪಾ ಎರಡು ಪುಟ ಓದಿ, "ಬರೀ ಗೋಳು ಕಣಪ್ಪ ಇದು. ನನಗೆ ಸಿಇಟಿ ಇದೆ" ಎಂದು ಅದನ್ನು ಫ್ರಿಜ್ಜಿನ ಮೇಲಿಟ್ಟಳು. ಹೆಣ್ಣುಮಗಳು ಓದುವ ಪುಸ್ತಕದಲ್ಲಿ ಆಗದ ವಿಷಯವೇನಾದರೂ ಇದೆಯೇ ಎಂದು ತಂದೆಯಾದವನು ಪರಿಶೀಲಿಸಬೇಕಲ್ಲ? ಅವಳು ಓದುವುದಿಲ್ಲ ಎಂದು ಗೊತ್ತಾದ ಮೇಲೂ ಕರಿಬಸಪ್ಪನವರ ಪರಿಶೀಲನೆ ಕೊನೆಯ ಪುಟದವರೆಗೆ ನಡೆಯಿತು.

ಕಥೆ ಒಂದು ಊರಿನದು. ಆ ಊರಿನ ಗಡಿಯಾರಗಳೆಲ್ಲ ಆಡಳಿತದವರು ಹೇಳಿದ ಹೊತ್ತನ್ನೇ ತೋರಿಸುತ್ತವೆ. ಕಗ್ಗತ್ತಲಲ್ಲಿ ಅವರು ಚೌಕಕ್ಕೆ ಬಂದು "ಈಗ ಮಧ್ಯಾಹ್ನ" ಎಂದರೆ ಜನ ಚಪ್ಪಾಳೆ ತಟ್ಟಿ ಊಟಕ್ಕೆ ಕೂರುತ್ತಾರೆ. ಝೆನ್ನಾ ಎಂಬ ಹದಿನಾರರ ಹುಡುಗಿ ಒಬ್ಬಳು ಮಾತ್ರ ಎದ್ದು ನಿಂತು "ಕತ್ತಲೆ ಇದೆಯಲ್ಲ" ಎನ್ನುತ್ತಾಳೆ. ಅಷ್ಟೇ. ಅದಾದ ಮೇಲೆ ಆಡಳಿತದವರು ಅವಳನ್ನು ಅಟ್ಟಿಸಿಕೊಂಡು ಹೋಗುವುದೇ ಮೂರು ಭಾಗದ ಕಥೆ.

ಕರಿಬಸಪ್ಪನವರಿಗೆ ಮೊದಲು ಹಿಡಿಸಿದ್ದು, ನಿಜ ಹೇಳಬೇಕೆಂದರೆ, ಇಂಗ್ಲಿಷು. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಮೇಲೆ ಬಂದ ಅವರು ದೊಡ್ಡವರು ಓದುವ ಇಂಗ್ಲಿಷ್ ಕಾದಂಬರಿಗಳನ್ನು ಹಲವು ಸಲ ಕೊಂಡಿದ್ದರು. ಎಲ್ಲವೂ ಮೊದಲ ಅಧ್ಯಾಯದ ಹವಾಮಾನ ವರ್ಣನೆಯಲ್ಲೇ ಸಿಕ್ಕಿಹಾಕಿಕೊಂಡು ಷೋಕೇಸಿನಲ್ಲಿ ಬಣ್ಣಗೆಡುತ್ತಿದ್ದವು. ಇಲ್ಲಿ ಹಾಗಲ್ಲ. ಹುಡುಗಿ ಓಡಿದಳು. ಬಾಗಿಲು ಮುಚ್ಚಿತ್ತು. ಯಾರೋ ಬಂದರು. ಒಂದು ಅಧ್ಯಾಯ ಹತ್ತಿದ ಸ್ಟಾಪಿನಿಂದ ಮೆಜೆಸ್ಟಿಕ್‌ಗೆ ಸರಿಹೋಗುತ್ತಿತ್ತು. ಆದರೆ ಅವರನ್ನು ಹಿಡಿದು ಕೂರಿಸಿದ್ದು ಇಂಗ್ಲಿಷಲ್ಲ, ಆ ಹುಡುಗಿ ಎದ್ದು ನಿಂತದ್ದು. ಕರಿಬಸಪ್ಪನವರ ಸರ್ವೀಸಿನಲ್ಲಿ ಮೇಲಿನವರು ಕತ್ತಲಲ್ಲಿ ಮಧ್ಯಾಹ್ನ ಎಂದ ಪ್ರಸಂಗಗಳಿಗೇನೂ ಬರವಿರಲಿಲ್ಲ. ಪ್ರತಿ ಸಲವೂ ಅವರು "ಹೌದು ಸಾರ್, ಬಿಸಿಲು ಸ್ವಲ್ಪ ಜಾಸ್ತೀನೇ" ಎಂದಿದ್ದರು.

ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡು ಹಾಕಿದರು. ಬಸ್ಸಿನಲ್ಲಿ ಯಾರಾದರೂ ಬಗ್ಗಿ ನೋಡಿದರೆ, "ಮಗಳದ್ದು. ಹೆಂಗಿದೆ ಅಂತ ನೋಡ್ತಾ ಇದೀನಿ ಅಷ್ಟೆ" ಎಂದು, ಕೇಳುವ ಮೊದಲೇ ಹೇಳುತ್ತಿದ್ದರು.

ಎರಡನೆಯ ಭಾಗ ಕೇಳಲು ಹೋದಾಗ ನೀಲಾಂಬಿಕಾ ನಗು ತಡೆದುಕೊಂಡರು. "ಮಗಳು ಭಾಳ ಜಲ್ದಿ ಓದ್ತಾಳಲ್ರಿ ಸರ!"

"ಹೂಂ, ಅವಳಿಗೆ ಓದಿನ ಹುಚ್ಚು" ಎಂದರು ಕರಿಬಸಪ್ಪ, ಕಪಾಟಿನ ಕಡೆ ಮುಖ ಮಾಡಿ.

ಬಾಡಿಗೆ ಲೈಬ್ರರಿಯ ಓದುಗರಿಗೆ ಒಂದು ಅಭ್ಯಾಸವಿರುತ್ತದೆ. ಓದಿದ ಪುಸ್ತಕವನ್ನೇ ಮರೆತು ಮತ್ತೆ ತರಬಾರದೆಂದು ಒಳಗೆ ಎಲ್ಲಾದರೂ ತಮ್ಮದೊಂದು ಗುರುತು ಹಾಕಿಡುವುದು. ಒಬ್ಬರು ಪುಟದ ಅಂಕಿಗೆ ಸುತ್ತು ಹಾಕುತ್ತಾರೆ, ಇನ್ನೊಬ್ಬರು ಮೂಲೆಯಲ್ಲಿ ಚುಕ್ಕಿ ಇಡುತ್ತಾರೆ. ಕರಿಬಸಪ್ಪನವರದು ಪೆನ್ಸಿಲಿನ ಸಣ್ಣ 'ಕ'. ಝೆನ್ನಾಳ ಮೊದಲ ಎರಡು ಭಾಗಗಳಲ್ಲಿ, ಅವರಿಗಿಂತ ಮುಂಚೆಯೇ ಯಾರೋ ಅಚ್ಚುಕಟ್ಟಾಗಿ ಕೆಂಪು ಇಂಕಿನಲ್ಲಿ ಸರಿ ಗುರುತು ಹಾಕಿದ್ದರು. ಗೆರೆಯ ಕೆಳಗೆ ಎರಡು ಚುಕ್ಕಿ. ಯಾವುದೋ ಕಾಲೇಜು ಹುಡುಗನಿರಬೇಕು ಎಂದುಕೊಂಡರು. ಒಂದು ಶನಿವಾರ ಲೈಬ್ರರಿಗೆ ಹೋದರೆ, ಪಕ್ಕದ ಕ್ರಾಸಿನ ರೇವಣಸಿದ್ದಪ್ಪನವರು ಕೌಂಟರಿನ ಮೇಲೆ ಬಗ್ಗಿ ಕೆಂಪು ಪೆನ್ನಿನಿಂದ ಅದೇ ಗುರುತು ಹಾಕುತ್ತಿದ್ದಾರೆ! ರೇವಣಸಿದ್ದಪ್ಪನವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು; ಜೀವಮಾನವೆಲ್ಲ ವೋಚರುಗಳ ಮೇಲೆ ಹಾಕಿದ ಗುರುತು ಅದು.

ಇಬ್ಬರೂ ಸಿಕ್ಕಿಬಿದ್ದವರ ಹಾಗೆ ಒಬ್ಬರನ್ನೊಬ್ಬರು ನೋಡಿದರು.

"ಮಗಳಿಗೆ" ಎಂದರು ರೇವಣಸಿದ್ದಪ್ಪ.

"ನನಗೂ ಮಗಳಿಗೇ" ಎಂದರು ಕರಿಬಸಪ್ಪ.

"ನಿಮ್ಮ ಮಗಳಿಗೆ ಎರಡನೇ ಭಾಗದ ಕೊನೇಲಿ ಝೆನ್ನಾ ನಂಬಿದ್ದ ಆ ಮೇಷ್ಟ್ರೇ ಅವಳಿಗೆ ಮೋಸ ಮಾಡ್ತಾನಲ್ಲ, ಅದು ಹೆಂಗನ್ನಿಸ್ತು?"

"ರಾತ್ರಿ ನಿದ್ದೆ ಮಾಡಲಿಲ್ಲ ಕಣ್ರೀ ಅವಳು!"

ನೀಲಾಂಬಿಕಾ ತಡೆಯಲಾರದೆ ನಕ್ಕುಬಿಟ್ಟರು. "ಸಾಕು ಮಾಡ್ರಿ. ಈ ಪುಸ್ತಕ ಒಯ್ಯೋರಾಗ ಅರ್ಧಕ್ಕರ್ಧ ಅಪ್ಪ-ಅವ್ವಂದಿರs ಅದಾರ. ಮಕ್ಕಳು ಮನ್ಯಾಗ ಕಂಪ್ಯೂಟರ್ ಮುಂದ ಕುಂತಿರ್ತಾವ."

ಅಂದಿನಿಂದ ಸಂಜೆಯ ಪಾರ್ಕಿನ ಬೆಂಚು ಇಬ್ಬರದಾಯಿತು. ಅಷ್ಟು ವರ್ಷ ಒಂದೇ ಬಡಾವಣೆಯಲ್ಲಿದ್ದು ಕಾವೇರಿ ನೀರು ಬಂತೇ ಎಂಬುದರಾಚೆ ಮಾತಾಡದವರು ಈಗ ಆಡಳಿತವನ್ನು ಉರುಳಿಸುವ ಬಗ್ಗೆ ಚರ್ಚಿಸತೊಡಗಿದರು. ಐವತ್ತರ ಮೇಲಿನವರಿಗೆ ಹದಿನಾರರ ಹುಡುಗಿಯ ಕಥೆ ಯಾಕಿಷ್ಟು ಹಿಡಿಸುತ್ತದೆ ಎಂಬುದೂ ಚರ್ಚೆಗೆ ಬಂತು.

"ಅವಳಿಗೆ ಪಿಎಫ್ ಇಲ್ಲ ಕಣ್ರೀ. ಪ್ರೊಮೋಷನ್ ಇಲ್ಲ. ಅದಕ್ಕೇ ಮಾತಾಡ್ತಾಳೆ. ನಮ್ಮ ಬದಲು ಮಾತಾಡ್ತಾಳೆ" ಎಂದರು ಕರಿಬಸಪ್ಪ.

"ಅಲ್ಲ ರೀ. ಅಲ್ಲಿ ಶತ್ರು ಯಾರು ಅಂತ ಮೊದಲನೇ ಪುಟದಲ್ಲೇ ಗೊತ್ತಾಗುತ್ತೆ. ನಮಗೆ ರಿಟೈರಾದ್ರೂ ಗೊತ್ತಾಗಲ್ಲ" ಎಂದರು ರೇವಣಸಿದ್ದಪ್ಪ. ಆ ಮಾತು ಕರಿಬಸಪ್ಪನವರಿಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಹೆಂಡತಿ ಕುಸುಮಾಗೆ ತಮ್ಮದೇ ಮಾತೆನ್ನುವಂತೆ ಹೇಳಿದರು. ಕುಸುಮಾ, "ಹುರುಳಿಕಾಯಿ ಬಿಡಿಸಿಕೊಡಿ" ಎಂದರು.

ನೀಲಾಂಬಿಕಾ ಅವರ ಅಭಿಪ್ರಾಯ ಬೇರೆಯೇ ಇತ್ತು. "ಹುಡುಗ್ರು ಓದ್ತಾರ, ಮುಂದ ಹಿಂಗಾದ್ರ ಹೆಂಗಪಾ ಅಂತ ಹೆದರಿ. ನೀವು ಓದ್ತೀರಿ, ಆಗೂದೆಲ್ಲಾ ಆಗೇ ಹೋಗೇತಿ, ಯಾರರೆ ಒಬ್ರು ಎದ್ದು ಬೈಲಿ ಅಂತ. ನೀವs ಏಳೂದು ಬ್ಯಾಡಲ್ರಿ, ಕುಂತಲ್ಲೇ ಆಗತೈತಿ." ಇದು ಸ್ವಲ್ಪ ಒರಟಾಯಿತೆಂದು ಇಬ್ಬರು ಗಂಡಸರಿಗೂ ಅನ್ನಿಸಿತು.

ಏಳುವ ಸಂದರ್ಭ ಬೇಗನೆ ಬಂತು. ಸಂಘದ ಅಧ್ಯಕ್ಷ ಕೆಂಚಪ್ಪನವರು ಈ ಬಡಾವಣೆ ಇನ್ನೂ ರಾಗಿ ಹೊಲವಾಗಿದ್ದಾಗ ಅದರ ಒಡೆಯರಾಗಿದ್ದ ಮನೆತನದವರು. ಹೊಲ ಹೋಗಿ ಸೈಟುಗಳಾದರೂ ಒಡೆತನ ಮಾತ್ರ ಅವರ ನಡಿಗೆಯಲ್ಲಿ ಉಳಿದಿತ್ತು. ಲೈಬ್ರರಿಯ ಕೋಣೆಯಲ್ಲಿ "ಮಾಹಿತಿ ತಂತ್ರಜ್ಞಾನ ಕೇಂದ್ರ" ಸ್ಥಾಪಿಸಬೇಕೆಂದು ಅವರಿಗೆ ಹೊಳೆಯಿತು. ಅದು ಅವರ ಅಳಿಯನ ಕೇಬಲ್ ಟಿವಿ ಆಫೀಸು ಎಂಬುದು ಬಡಾವಣೆಯ ನಾಯಿಗಳಿಗೂ ಗೊತ್ತಿತ್ತು. ರಾಜ್ಯೋತ್ಸವದ ದಿನ ಧ್ವಜಾರೋಹಣದ ಜೊತೆಗೇ ಸರ್ವಸದಸ್ಯರ ಸಭೆ, ಅಲ್ಲೇ ಠರಾವು.

ನೀಲಾಂಬಿಕಾ ಕರಿಬಸಪ್ಪನವರ ಎದುರು ಕುರ್ಚಿ ಎಳೆದುಕೊಂಡು ಕುಳಿತರು. ಮಾಮೂಲಿನ ನಗು ಇರಲಿಲ್ಲ. "ಸರ, ಈ ಖೋಲಿ ಹೋದ್ರ ನಾ ಇಷ್ಟು ಪುಸ್ತಕ ಹೊತಗೊಂಡು ಎಲ್ಲಿಗೆ ಹೋಗ್ಲಿ? ಸಭಾದಾಗ ಒಬ್ರರೆ 'ಬ್ಯಾಡ' ಅಂದ್ರ ಠರಾವು ನಿಲ್ತೈತಂತ. ಎಲ್ಲರೂ ಒಪ್ಪಿದ್ರಷ್ಟs ಖೋಲಿ ಕೊಡಾಕ ಬರೂದಂತ."

"ನಾನಿದೀನಲ್ಲಮ್ಮ" ಎಂದರು ಕರಿಬಸಪ್ಪ. ಹೇಳಿದ ಮೇಲೆ ತಮ್ಮ ದನಿ ತಮಗೇ ಕೇಳಿ ಮೈ ಜುಮ್ಮೆಂದಿತು. "ನಾನು ಎದ್ದು ನಿಲ್ತೀನಿ."

ಆ ಸಂಜೆ ಬೆಂಚಿನ ಮೇಲೆ ವ್ಯೂಹ ರಚನೆಯಾಯಿತು. ಕರಿಬಸಪ್ಪ ಎದ್ದು ವಿರೋಧಿಸುವುದು; ತಕ್ಷಣ ರೇವಣಸಿದ್ದಪ್ಪ ಎದ್ದು ಅನುಮೋದಿಸುವುದು. ಒಬ್ಬನಾದರೆ ತಲೆಕೆಟ್ಟವನು ಎನ್ನುತ್ತಾರೆ, ಇಬ್ಬರಾದರೆ ಗುಂಪು ಎನ್ನುತ್ತಾರೆ. ರೇವಣಸಿದ್ದಪ್ಪನವರು ಕರಿಬಸಪ್ಪನವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ನಾನಿರ್ತೀನಿ ರೀ ನಿಮ್ಮ ಹಿಂದೆ" ಎಂದರು. ಕರಿಬಸಪ್ಪನವರ ಕಣ್ಣು ತೇವವಾಯಿತು. ಗೆಳೆಯನ ಅಂಗೈ ಯಾಕೆ ಅಷ್ಟು ಬೆವರಿದೆ ಎಂದು ಅವರು ಯೋಚಿಸಲಿಲ್ಲ.

ರಾಜ್ಯೋತ್ಸವದ ಬೆಳಿಗ್ಗೆ ಸಂಘದ ಸಭಾಂಗಣ ಕೆಂಪು-ಹಳದಿಯಿಂದ ತುಂಬಿತ್ತು. ಹಿಂದುಗಡೆ ಕೇಸರಿಬಾತು, ಉಪ್ಪಿಟ್ಟಿನ ವಾಸನೆ. ಹೆಂಗಸರ ಸಾಲಿನಲ್ಲಿ ಕುಸುಮಾ, ಬಾಗಿಲ ಹತ್ತಿರ ನೀಲಾಂಬಿಕಾ. ಕರಿಬಸಪ್ಪನವರು ಹೊಸ ಜುಬ್ಬ ತೊಟ್ಟು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಮಗ್ಗುಲಲ್ಲಿ ರೇವಣಸಿದ್ದಪ್ಪ. ನಾಡಗೀತೆ ಆಯಿತು, ವರದಿ ಆಯಿತು. ಕೆಂಚಪ್ಪನವರು ಮೈಕಿಗೆ ಎರಡು ಸಲ ಬೆರಳಿನಿಂದ ಬಡಿದು, "ಈಗ ಇತರೆ ವಿಷಯಗಳು" ಎಂದರು.

ಕರಿಬಸಪ್ಪನವರು ಝೆನ್ನಾಳನ್ನು ನೆನೆದುಕೊಂಡು, ಮುಂದಿನ ಕುರ್ಚಿಯ ಬೆನ್ನು ಹಿಡಿದು, ಎದ್ದರು. ಮೂರು ದಶಕದ ನೌಕರಿಯಲ್ಲಿ ಮೊದಲ ಬಾರಿಗೆ ಅವರು ಕರೆಯದೆ ಎದ್ದು ನಿಂತಿದ್ದರು.

"ಅಧ್ಯಕ್ಷರೇ..."

"ಆಹಾ! ನೋಡಿ, ಕರೆಯೋಕೆ ಮುಂಚೇನೇ ಎದ್ದರು!" ಎಂದು ಕೆಂಚಪ್ಪನವರು ಎರಡೂ ಕೈ ಚಾಚಿದರು. "ಬನ್ನಿ ಸಾರ್, ಬನ್ನಿ. ಅಲ್ಲಿಂದ ಯಾಕೆ, ವೇದಿಕೆಗೇ ಬನ್ನಿ!"

ಮೈಕಿನಲ್ಲೇ ವಿರೋಧಿಸುವ ಅವಕಾಶ! ಇಷ್ಟು ಪ್ರಜಾಪ್ರಭುತ್ವವನ್ನು ಕರಿಬಸಪ್ಪನವರು ನಿರೀಕ್ಷಿಸಿರಲಿಲ್ಲ. ಅವರು ಮೆಟ್ಟಿಲು ಹತ್ತಿದರು. ಮೇಲೆ ಅವರಿಗಾಗಿ ಒಂದು ಅಲಂಕರಿಸಿದ ಕುರ್ಚಿ ಸಿದ್ಧವಾಗಿತ್ತು. ಯಾರೋ ಭುಜ ಒತ್ತಿ ಕೂರಿಸಿದರು.

"ನಮ್ಮ ಬಡಾವಣೆಯ ಹೆಮ್ಮೆ, ಸಾಹಿತ್ಯಪ್ರೇಮಿ, ಸದಾ ಪುಸ್ತಕ ಹಿಡಿದೇ ಓಡಾಡುವ ಶ್ರೀಯುತ ಕರಿಬಸಪ್ಪನವರಿಗೆ ಸಂಘದ ವತಿಯಿಂದ ಈ ವರ್ಷದ ರಾಜ್ಯೋತ್ಸವ ಸನ್ಮಾನ!"

ಮೈಸೂರು ಪೇಟ ತಲೆಯ ಮೇಲೆ ಬಂತು. ಒಂದು ಸೈಜು ದೊಡ್ಡದು, ಹುಬ್ಬಿನವರೆಗೆ ಇಳಿಯಿತು. ಸುಗಂಧರಾಜದ ಹಾರ ಬಿತ್ತು. ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕುಳಿತಿತು. ಹಿಡಿಯದಿದ್ದರೆ ಅನಾನಸು ಉರುಳುವಂತಿದ್ದರಿಂದ ಎರಡೂ ಕೈ ಕೊಡಬೇಕಾಯಿತು. ಕೆಂಚಪ್ಪನವರು ಶಾಲು ಹೊದಿಸಲು ಬಗ್ಗಿದಾಗ ಕಿವಿಯ ಹತ್ತಿರ ಪ್ರೀತಿಯಿಂದಲೇ ಹೇಳಿದರು: "ರೇವಣಸಿದ್ದಪ್ಪನೋರು ಹೇಳಿದ್ರು ಸಾರ್, ನಿಮಗೆ ಏನೋ ಬೇಜಾರಿದೆ, ಎದ್ದು ಮಾತಾಡ್ತೀರಾ ಅಂತ. ಒಂದು ಸನ್ಮಾನ ಆದ್ರೆ ಸರಿಹೋಗ್ತಾರೆ ಅಂದ್ರು. ಮೊದಲೇ ನಮಗೆ ಹೊಳೀಬೇಕಿತ್ತು, ಕ್ಷಮಿಸಬೇಕು."

ಕರಿಬಸಪ್ಪನವರು ಪೇಟದ ಅಂಚಿನ ಕೆಳಗಿನಿಂದ ಎರಡನೆಯ ಸಾಲನ್ನು ನೋಡಿದರು. ರೇವಣಸಿದ್ದಪ್ಪನವರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದರು.

"ಇದೇ ಸಂದರ್ಭದಲ್ಲಿ," ಎಂದರು ಕೆಂಚಪ್ಪ ಮೈಕಿನಲ್ಲಿ, ಒಂದೇ ಉಸಿರಿಗೆ, "ಪಾರ್ಕ್ ಪಕ್ಕದ ಕೊಠಡೀನ ಮಾಹಿತಿ ತಂತ್ರಜ್ಞಾನ ಕೇಂದ್ರಕ್ಕೆ ಕೊಡೋದಕ್ಕೆ ಸಭೆಯ ಒಪ್ಪಿಗೆ ಇದೆ ಅಂತ ಭಾವಿಸ್ತೀನಿ. ಸನ್ಮಾನಿತರಿಗೆ ಒಂದು ಜೋರು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಫೋಟೋದವನ ಫ್ಲ್ಯಾಷ್ ಮಿಂಚಿತು. ಅದು ಯಾವುದಕ್ಕೆ ಬಿದ್ದ ಚಪ್ಪಾಳೆ ಎಂದು ಬಿಡಿಸಿ ನೋಡುವಷ್ಟು ವ್ಯವಧಾನ ಸಿಗುವ ಮೊದಲೇ ಕರಿಬಸಪ್ಪನವರು, ಹುಟ್ಟಿದಾರಭ್ಯ ಕಲಿತ ಮರ್ಯಾದೆಯಿಂದ, ಬುಟ್ಟಿಯನ್ನು ಮೊಣಕೈಯಲ್ಲಿ ಅಮುಕಿ ಹಿಡಿದು, ಸಭೆಗೆ ಕೈ ಮುಗಿದಿದ್ದರು.

"ಒಮ್ಮತದಿಂದ" ಎಂದರು ಕೆಂಚಪ್ಪ.

ಪೇಟ ತೊಟ್ಟವನು ಜಗಳ ಆಡುವುದು ಹೇಗೆ? ಕರಿಬಸಪ್ಪನವರು ಬಾಯಿ ತೆರೆದರು. ಹಾರದ ಹೂವಿನ ಎಸಳೊಂದು ಬಾಯಿಗೆ ಬಂತು. ಅದನ್ನು ಉಗುಳುವುದು ಸಭ್ಯವೋ ಅಲ್ಲವೋ ಎಂದು ತೀರ್ಮಾನಿಸುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು. ವಂದನೆ ಹೇಳಿದವರು ರೇವಣಸಿದ್ದಪ್ಪ. "ಸನ್ಮಾನ ಸ್ವೀಕರಿಸಲು ದೊಡ್ಡ ಮನಸ್ಸು ಮಾಡಿದ ಆತ್ಮೀಯ ಗೆಳೆಯ" ಎಂದರು. ದನಿ ಒಂದಿಷ್ಟೂ ನಡುಗಲಿಲ್ಲ. ಕುಸುಮಾ ಮುಂದೆ ಬಂದು ಶಾಲಿನ ಮಡಿಕೆ ಸರಿಮಾಡಿ, "ಒಂದು ಮಾತು ಹೇಳಬಾರದಿತ್ತೇನ್ರೀ, ನಾನು ರೇಷ್ಮೆ ಸೀರೆ ಉಡ್ತಿದ್ದೆ" ಎಂದರು. ಬಾಗಿಲ ಹತ್ತಿರ ನೀಲಾಂಬಿಕಾ ಇರಲಿಲ್ಲ.

ಝೆನ್ನಾಳ ಕಥೆಯಲ್ಲಿ ಪ್ರತಿ ಸಲ ಚೌಕದಲ್ಲಿ ಜನ ಚಪ್ಪಾಳೆ ತಟ್ಟುವಾಗ ಕರಿಬಸಪ್ಪನವರು ಬಸ್ಸಿನಲ್ಲಿ ಹಲ್ಲು ಕಚ್ಚುತ್ತಿದ್ದರು. ಥೂ, ಎಂಥ ಜನ! ಎಂದು ಬೈದದ್ದೂ ಉಂಟು. ಆ ಜನರಲ್ಲಿ ಯಾರಿಗೂ ಅಲ್ಲಿ ಹೆಸರಿರಲಿಲ್ಲ. ವಯಸ್ಸು ಮಾತ್ರ ಹೇಳಿತ್ತು, ಎಲ್ಲರೂ ದೊಡ್ಡವರು.

ಅವರು ಪೇಟ ಕಳಚಿ ಬುಟ್ಟಿಯೊಳಗಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ರೇವಣಸಿದ್ದಪ್ಪನವರನ್ನು ಕಂಬದ ಮರೆಗೆ ಎಳೆದರು.

"ಏನ್ರೀ ಇದು? ಹಿಂದೆ ಇರ್ತೀನಿ ಅಂದ್ರಲ್ಲ?"

"ಕೋಪ ಮಾಡ್ಕೋಬೇಡಿ. ಮಗಳ ನಿಶ್ಚಿತಾರ್ಥ ಬರೋ ಭಾನುವಾರ. ಈ ಹಾಲ್ ಬಿಟ್ರೆ ಬೇರೆ ಸಿಗಲಿಲ್ಲ. ಬೀಗರಿಗೆ ಹೇಳಾಗಿದೆ. ಹಾಲ್ ಬೀಗದಕೈ ಯಾರ ಹತ್ರ ಇರುತ್ತೆ ಹೇಳಿ?"

"ಹಾಲ್‌ಗೋಸ್ಕರ ನನ್ನ ಹಿಡಿದುಕೊಟ್ರಾ?"

"ಹಿಡಿದುಕೊಟ್ಟೆ ಅಂತೀರಲ್ಲ! ಶಾಲು ಹೊದಿಸಿ ಮೆರೆಸಿದ್ರು ನಿಮ್ಮನ್ನ. ನಾನು ಅವರಿಗೆ ಅದನ್ನೇ ಹೇಳಿದ್ದು, ಮನುಷ್ಯ ಒಳ್ಳೆಯವನು, ಅವಮಾನ ಮಾಡಬೇಡಿ, ಸನ್ಮಾನ ಮಾಡಿ ಅಂತ."

"ಆ ಮೇಷ್ಟ್ರು ಝೆನ್ನಾಗೆ ಮೋಸ ಮಾಡಿದಾಗ ನೀವೇ ಅತ್ತಿದ್ರಲ್ಲ ರೀ!"

ರೇವಣಸಿದ್ದಪ್ಪನವರು ಗೋಡಂಬಿಯೊಂದನ್ನು ಚಮಚದಿಂದ ಬದಿಗೆ ಸರಿಸಿದರು. "ಅದು ಪುಸ್ತಕ ಕಣ್ರೀ," ಎಂದರು, ಬಹಳ ಮೃದುವಾಗಿ, ದೊಡ್ಡವರು ಮಕ್ಕಳಿಗೆ ಹೇಳುವ ಹಾಗೆ.

ಮರುದಿನ ಕಚೇರಿಗೆ ರಜೆ ಹಾಕಿ ಕರಿಬಸಪ್ಪನವರು ಲೈಬ್ರರಿಗೆ ಹೋದರು. ನೀಲಾಂಬಿಕಾ ನೆಲದ ಮೇಲೆ ಕುಳಿತು ಪುಸ್ತಕಗಳನ್ನು ಅಕ್ಕಿಯ ಚೀಲಗಳಿಗೆ ತುಂಬುತ್ತಿದ್ದರು. ಬೆಂಗಳೂರಿನ ಅಂಚಿನ ಉಲ್ಲಾಳದಲ್ಲಿ ತಮ್ಮನ ಮನೆಯ ಶೆಡ್ಡು ಇದೆ, ಸದ್ಯಕ್ಕೆ ಅಲ್ಲಿ ಇಡುತ್ತೇನೆ, ಓದುವವರು ಅಲ್ಲಿಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನನಗೆ ಮೋಸ ಆಯ್ತಮ್ಮ. ನಾನು ಎದ್ದೆ. ನಿಜವಾಗ್ಲೂ ವಿರೋಧಿಸೋಕೇ ಎದ್ದೆ."

"ನೋಡಿದೆ ಬಿಡ್ರಿ ಸರ. ಎದ್ರಿ." ಅವರು ಚೀಲದ ಬಾಯಿಗೆ ಹುರಿ ಸುತ್ತಿದರು. "ಮ್ಯಾಲ ಹೋಗಿ ಕುಂತ್ರಿ. ಕೈ ಮುಗದ್ರಿ. ನಾ ಬಾಗಿಲದಾಗ ನಿಂತು ಅನಕೊಂಡೆ, ಈ ಮನಿಷಾ ಈಗ ಅಂತಾನ, ಈಗ ಅಂತಾನ ಅಂತ. ಸ್ವಲ್ಪ ಆ ಚೀಲ ಈ ಕಡೆ ಸರಸ್ರಿ."

ಅವರು ಸರಿಸಿದರು. ಆಮೇಲೆ ಉಳಿದ ಚೀಲಗಳನ್ನೂ ಸರಿಸಿ, ಲಗೇಜ್ ಆಟೋಗೆ ತುಂಬಿಸಿಕೊಟ್ಟರು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಆಕೆ ಯಾವುದಾದರೂ ಪುಸ್ತಕ ಬೇಕೇ ಎಂದು ಕೇಳಲಿಲ್ಲ.

ಸಂಜೆ ರೇವಣಸಿದ್ದಪ್ಪನವರು ನಿಶ್ಚಿತಾರ್ಥಕ್ಕೆ ಕರೆಯಲು ಮನೆಗೇ ಬಂದರು, ಕುಂಕುಮದ ಬಟ್ಟಲು ಹಿಡಿದ ಹೆಂಡತಿಯೊಂದಿಗೆ. "ಭಾನುವಾರ ಬೆಳಿಗ್ಗೆ ತಿಂಡಿಗೇ ಬಂದುಬಿಡಬೇಕು. ನೀವಿಲ್ಲದೆ ಆಗಲ್ಲ" ಎಂದರು.

ಈ ಕಡೆ ಯಾರೂ ಕರೆಯಲು ಬಂದವರಿಗೆ ಇಲ್ಲ ಎನ್ನುವುದಿಲ್ಲ. ಬರುವ ಮನಸ್ಸಿದ್ದರೆ 'ಬರ್ತೀವಿ' ಎನ್ನುತ್ತಾರೆ, ಇಲ್ಲದಿದ್ದರೆ 'ಖಂಡಿತಾ ಬರ್ತೀವಿ' ಎನ್ನುತ್ತಾರೆ. ಕರಿಬಸಪ್ಪನವರಿಗೂ ಬೇರೆ ಉತ್ತರ ಗೊತ್ತಿರಲಿಲ್ಲ. ಆದರೂ ಕೂತಲ್ಲಿಂದ ಎದ್ದರು.

"ನಾನು ಬರಲ್ಲ ರೀ" ಎಂದರು.

ರೇವಣಸಿದ್ದಪ್ಪನವರ ಹೆಂಡತಿಯ ಬೆರಳು ಕುಂಕುಮದ ಬಟ್ಟಲಲ್ಲೇ ನಿಂತಿತು. ರೇವಣಸಿದ್ದಪ್ಪ ಗೋಡೆಯ ಕ್ಯಾಲೆಂಡರನ್ನು ನೋಡಿದರು. ಮೂರು ಭಾಗಗಳಲ್ಲಿ ಎಲ್ಲೂ ಸಿಗದ ಸುಖವೊಂದು ಕರಿಬಸಪ್ಪನವರ ಎದೆಯಲ್ಲಿ ಮೊಳೆಯುವುದರಲ್ಲಿತ್ತು.

"ಅಯ್ಯೋ, ಅವರ ಮಾತು ಬಿಡಿ" ಎಂದು ಒಳಗಿನಿಂದ ಕುಸುಮಾ ಕಾಫಿ ಲೋಟಗಳೊಂದಿಗೆ ಬಂದರು. "ನಾನು ಬರ್ತೀನಿ, ಶಿಲ್ಪನ್ನೂ ಕರ್ಕೊಂಡು. ಸೀರೆಗೆ ಫಾಲ್ಸ್ ಕೂಡ ಹೊಲಿಸಿಟ್ಟಿದೀನಿ."

ಭಾನುವಾರ ಕರಿಬಸಪ್ಪನವರು ಒಬ್ಬರೇ ಮನೆಯಲ್ಲಿ ಉಳಿದರು. ಸಭಾಂಗಣದ ನಾದಸ್ವರ ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ಬೆಳಗಿನ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡರು. ಮಧ್ಯಾಹ್ನ ತಾಯಿ ಮಗಳು ಮಲ್ಲಿಗೆಯ ಘಮದೊಂದಿಗೆ ವಾಪಸಾದರು. ಶಿಲ್ಪಾಳ ಕೈಯಲ್ಲಿ ಒಂದು ಸ್ವೀಟ್ ಬಾಕ್ಸು.

"ರೇವಣಸಿದ್ದಪ್ಪ ಅಂಕಲ್ ಕೊಟ್ರು ಅಪ್ಪಾ, ನಿನಗೇ ಅಂತ. ತುಂಬಾ ಸಲ ಕೇಳಿದ್ರು ನಿನ್ನ. ನೀವಿಬ್ರೂ ಏನೋ ಪುಸ್ತಕದ ವಿಷಯಕ್ಕೆ ಜಗಳ ಆಡಿದೀರಂತೆ?"

ಕರಿಬಸಪ್ಪನವರು ಡಬ್ಬಿಯನ್ನು ಮುಟ್ಟಲಿಲ್ಲ. ಶಿಲ್ಪಾ ಮುಟ್ಟಿದಳು. "ಧಾರವಾಡ ಪೇಡ ಕಣಮ್ಮ!" ಎಂದು ಒಳಗೆ ಹೋದಳು.